ಮಂಡಿಗೆ ಹಣೆಯಿಟ್ಟ ಬೆಳಗುಗಳು

ನಮ್ಮ ಮಾವನವರು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಕೋಪದಿಂದಲ್ಲ. ನಮ್ಮ ಕಡೆ ಆಗ ಹಾಗೇ ಇತ್ತು. ಸೊಸೆ ಮಾವನ ಎದುರಿಗೆ ಕೂರುತ್ತಿರಲಿಲ್ಲ. ಸೊಸೆಗೆ ಏನಾದರೂ ಹೇಳಬೇಕಿದ್ದರೆ ಮಾವ ಅದನ್ನು ಅತ್ತೆಗೆ ಹೇಳುತ್ತಿದ್ದರು. ನಾನು ಮೂರಡಿ ದೂರದಲ್ಲಿ ನಿಂತಿದ್ದರೂ, "ನೀರು ಕಾದಿದ್ರೆ ಒಲೆ ಆರಿಸಲಿ ಅಂತ ಹೇಳು ಅವಳಿಗೆ," ಅನ್ನುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ, "ಒಲೆ ಆರಿಸಬೇಕಂತೆ," ಅನ್ನುತ್ತಿದ್ದರು. ನಾನು "ಹೂಂ ಅತ್ತೆ" ಅನ್ನುತ್ತಿದ್ದೆ. ಅತ್ತೆ ಅವರ ಕಡೆ ತಿರುಗಿ, "ಹೂಂ ಅಂತೆ," ಅನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಮಾವ ಹೋಗಿ ಬಹಳ ವರ್ಷವಾಗಿತ್ತು. ಕಾರ್ಯದ ದಿನ ಬಂದವರೆಲ್ಲ ಅತ್ತೆಯ ಬಗ್ಗೆ ಒಂದೊಂದು ಮಾತು ಹೇಳಿದರು. ನಾನು ಬಡಿಸುತ್ತಾ ಇದ್ದೆ, ಹೇಳಲಿಲ್ಲ. ನನ್ನ ಬಳಿ ಇದ್ದ ಮಾತು ಊಟದ ಸಾಲಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬರೆದು ಅಭ್ಯಾಸವಿಲ್ಲ, ನಿಧಾನವಾಗಿ ಬರೆಯುತ್ತೇನೆ.

ರಾಜಾಜಿನಗರ ಆಗ ಹೊಸದು. ಸಾಲಾಗಿ ಒಂದೇ ಥರದ ಮನೆಗಳು, ನಡುನಡುವೆ ಇನ್ನೂ ಹುರುಳಿ ಬಿತ್ತುತ್ತಿದ್ದ ಖಾಲಿ ಜಾಗ. ನಮ್ಮದು ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಬಚ್ಚಲು ಹಿಂದುಗಡೆ, ಎರಡು ಮನೆಗೆ ಒಂದೇ. ನಮ್ಮ ಮನೆಯವರು ಫ್ಯಾಕ್ಟರಿಯಲ್ಲಿ ಮೊದಲನೇ ಪಾಳಿ, ಬೆಳಕು ಹರಿಯುವಾಗಲೇ ಸೈಕಲ್ ಹತ್ತಿ ಹೋಗುತ್ತಿದ್ದರು. ಮಾವ ಗಿರಣಿಯಿಂದ ಅದೇ ತಾನೇ ನಿವೃತ್ತರಾಗಿದ್ದರು. ಮಗ್ಗದ ಮುಂದೆ ನಿಂತು ನಿಂತು ಬೆನ್ನು ಹಿಡಿದಿದ್ದಾಗ ಯಾರೋ ಮೇಷ್ಟ್ರು ಅವರಿಗೆ ಆಸನ ಕಲಿಸಿದ್ದರಂತೆ. ಅಂದಿನಿಂದ ಒಂದು ದಿನವೂ ಬಿಟ್ಟವರಲ್ಲ.

ಮೊದಲ ಹೆರಿಗೆಗೆ ನಾನು ತವರಿಗೆ, ಕೆಂಗೇರಿಗೆ ಹೋಗಿದ್ದೆ. ಹೆಣ್ಣು ಮಗು ಹುಟ್ಟಿತು. ಐದನೆಯ ದಿನ ಭಾನುವಾರ, ನಮ್ಮ ಮನೆಯವರು ರೈಲಿನಲ್ಲಿ ಬಂದು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿಕೊಂಡು ಹೋದರು. ಅತ್ತೆ ಮಾವ ನಾಮಕರಣಕ್ಕೆ ಬರುವುದು ಅಂತ ಮಾತಾಗಿತ್ತು. ಹತ್ತೊಂಬತ್ತನೆಯ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಮಾರನೆಯ ದಿನ ಮಧ್ಯಾಹ್ನ ಹೋಯಿತು. ಸುದ್ದಿ ಮುಟ್ಟಿ ಅವರು ಮೂವರೂ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಮೂರು ತಿಂಗಳು ಕಳೆದು ಬರಿಗೈಯಲ್ಲಿ ರಾಜಾಜಿನಗರಕ್ಕೆ ವಾಪಸ್ಸು ಬಂದೆ. ಆ ಮನೆಯಲ್ಲಿ ಮಗುವಿನ ಒಂದು ಬಟ್ಟೆಯೂ ಇರಲಿಲ್ಲ. ಅದರ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯವರನ್ನು ಒಮ್ಮೆ ಕೇಳಿದೆ, "ನೆನಪಿದೆಯಾ ನಿಮಗೆ?" ಅಂತ. "ಕತ್ತಲೆ ಇತ್ತು, ಬಟ್ಟೆ ಸುತ್ತಿದ್ರಲ್ಲ, ಸರಿಯಾಗಿ ಕಾಣಲಿಲ್ಲ," ಅಂದು ತಲೆ ತಗ್ಗಿಸಿದರು. ಮತ್ತೆ ಕೇಳಲಿಲ್ಲ. ಅತ್ತೆ ನನ್ನ ಕಣ್ಣಲ್ಲಿ ನೀರು ಕಂಡರೆ ಸಾಕು, "ಅಳಬಾರದು ಕಣಮ್ಮ, ಮುಂದಿನದಕ್ಕೆ ತಟ್ಟುತ್ತೆ," ಅಂತ ಸೆರಗಿನಿಂದ ತಾವೇ ಒರೆಸಿಬಿಡುತ್ತಿದ್ದರು. ಅದು ಪ್ರೀತಿಯೇ. ಆದರೆ ಅಡುಗೆಮನೆಯಲ್ಲಿ ಅತ್ತೆ, ನಡುಮನೆಯಲ್ಲಿ ಮಾವ, ಬಚ್ಚಲಿಗೆ ಹೋದರೆ ಪಕ್ಕದ ಮನೆಯಾಕೆ ಚೊಂಬು ಹಿಡಿದು ಹೊರಗೆ ಕಾಯುತ್ತಿದ್ದರು. ಅಳುವುದಕ್ಕೆ ಅಂತ ಒಂದು ಮೂಲೆ ಇರಲಿಲ್ಲ.

ಸೊಂಟ ನೋವು ಅಂತ ಒಂದು ದಿನ ಅತ್ತೆಗೆ ಹೇಳಿದೆ. ಅತ್ತೆ ಎಣ್ಣೆ ಕಾಯಿಸಲು ಹೊರಟರು. ಮಾವ ಪೇಪರಿನಿಂದ ತಲೆ ಎತ್ತದೆ, "ಐದು ತಿಂಗಳಾಯ್ತಲ್ಲ. ಪಶ್ಚಿಮೋತ್ತಾನ ಮಾಡಲಿ ಅಂತ ಹೇಳು," ಅಂದರು.

"ಅದೇನದು?"

"ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು. ಕೈಲಿ ಪಾದ ಹಿಡಿದು, ಹಣೆ ಮಂಡಿಗೆ."

"ನಿಮ್ಮ ಮುಂದೆ ಕಾಲು ಚಾಚ್ಕೊಂಡು ಕೂತ್ಕೋತಾಳಾ? ಚೆನ್ನಾಗಿದೆ!"

ಮಾವ ಪೇಪರು ಮಡಚಿದರು. "ನಾನು ಆ ಕಡೆ ತಿರುಗಿ ಕೂತ್ಕೋತೀನಿ," ಅಂದರು.

ಹಾಗೆ ಶುರುವಾಯಿತು. ಮಾವ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಬೀದಿಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಜಮಖಾನದ ಮೇಲೆ, ಸೀರೆಯನ್ನು ಕಾಲಿಗೆ ಸುತ್ತಿಕೊಂಡು. ಅತ್ತೆ ನಮ್ಮಿಬ್ಬರ ನಡುವೆ ಅವರೆಕಾಯಿ ಬಿಡಿಸುತ್ತಾ. ಕಲಿಸುವವರಿಗೆ ಕಲಿಯುವವಳು ಕಾಣುತ್ತಿರಲಿಲ್ಲ.

"ಕೈ ಎಲ್ಲಿಗೆ ಹೋಯ್ತು?"

"ಮೊಣಕಾಲು ದಾಟಿದೆ."

"ಎಳೀಬಾರದು ಅಂತ ಹೇಳು. ಎಳೆದ್ರೆ ಸ್ನಾಯು ಹಟ ಹಿಡಿಯುತ್ತೆ. ಸುಮ್ನೆ ಇರಬೇಕು. ಉಸಿರು ಬಿಟ್ಟಾಗ ತಾನೇ ಇಳಿಯುತ್ತೆ."

"ಎಳೀಬಾರದಂತೆ. ಉಸಿರು ಬಿಡಬೇಕಂತೆ. ಮಂಡಿ ಎತ್ತಬೇಡ. ಹುಳಿಗೆ ಉಪ್ಪು ಹಾಕಿದ್ಯಾ?"

"ಉಪ್ಪಿನ ವಿಷಯ ನಾನು ಹೇಳಲಿಲ್ಲ," ಅಂದರು ಮಾವ.

"ಅದು ನಂದು."

ಮೊದಲ ವಾರ ಹತ್ತು ಎಣಿಸುವವರೆಗೆ ಇರುವುದೇ ಕಷ್ಟವಾಗಿತ್ತು. ತೊಡೆಯ ಹಿಂಭಾಗ ಹಗ್ಗದ ಹಾಗೆ ಬಿಗಿಯುತ್ತಿತ್ತು. ಮಾವ ಗಟ್ಟಿಯಾಗಿ, ಒಂದೊಂದಕ್ಕೂ ನಡುವೆ ಜಾಗ ಬಿಟ್ಟು ಎಣಿಸುತ್ತಿದ್ದರು. ವಾರಕ್ಕೆ ಹತ್ತು ಏರಿಸುವುದು ಅವರ ಲೆಕ್ಕ. ಮೂರನೆಯ ವಾರ ಬೆರಳು ಪಾದ ಮುಟ್ಟಿತು. ನಾಲ್ಕನೆಯ ವಾರ ಹಣೆ ಮಂಡಿಗೆ ಬಂತು.

ಹಣೆ ಮಂಡಿಗೆ ಬಂದ ದಿನ ನನಗೆ ಒಂದು ತಿಳಿಯಿತು. ಅಲ್ಲಿ ಒಳಗೆ ಕತ್ತಲೆ. ಒಗೆದ ಸೀರೆಯ ವಾಸನೆ, ನನ್ನದೇ ಉಸಿರಿನ ಬಿಸಿ. ಮುಖ ಯಾರಿಗೂ ಕಾಣುವುದಿಲ್ಲ. ಏನು ಮಾಡುತ್ತಿದ್ದೀಯ ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಆಸನ ಮಾಡುತ್ತಿದ್ದೇನೆ. ಮೂವತ್ತರ ಹತ್ತಿರ ಕಣ್ಣೀರು ತಾನಾಗಿ ಬಂತು. ನಲವತ್ತಕ್ಕೆ ಎದ್ದಾಗ ಅತ್ತೆ ನನ್ನ ಮುಖ ನೋಡಿ, "ಬಗ್ಗಿ ಬಗ್ಗಿ ರಕ್ತ ಇಳಿದಿದೆ," ಅಂದರು. ಮಂಡಿಯ ಮೇಲೆ ಸೀರೆ ಒದ್ದೆಯಾಗಿದ್ದನ್ನೂ ನೋಡಿದರು. "ಬೆವರು ನೋಡು," ಅಂದರು.

ನಲವತ್ತು ಸಾಲುತ್ತಿರಲಿಲ್ಲ. ಮಗುವಿನ ಮುಖ ಮನಸ್ಸಿಗೆ ಬರುವುದಕ್ಕೇ ಇಪ್ಪತ್ತು ಹಿಡಿಯುತ್ತಿತ್ತು. ಬಂದು ನಿಲ್ಲುವಷ್ಟರಲ್ಲಿ ಎಣಿಕೆ ಮುಗಿದುಹೋಗುತ್ತಿತ್ತು.

"ಅತ್ತೆ, ಅರವತ್ತು ಎಣಿಸಬಹುದಾ ಅಂತ ಕೇಳ್ತೀರಾ?"

"ಅರವತ್ತು ಬೇಕಂತೆ ರೀ."

"ಅವಸರ ಯಾಕಂತೆ?"

ಅತ್ತೆಯೇ ಹೇಳಿದರು, "ಹಿತವಾಗಿದೆಯಂತೆ."

ಮಾವ ಅರವತ್ತು ಎಣಿಸಿದರು. ಆಮೇಲೆ ಎಂಬತ್ತು. ಯುಗಾದಿಯ ಹೊತ್ತಿಗೆ ನೂರು. ದಿನಕ್ಕೆ ಅಷ್ಟು ಹೊತ್ತು ನಾನು ಮಗುವಿನ ಜೊತೆ ಇರುತ್ತಿದ್ದೆ. ಮಿಕ್ಕ ದಿನವೆಲ್ಲ ಸೊಸೆಯಾಗಿ ಇರುವುದು ಆಗ ಅಷ್ಟು ಕಷ್ಟ ಅನ್ನಿಸುತ್ತಿರಲಿಲ್ಲ.

ಅತ್ತೆಗೆ ಇದು ಹೆಮ್ಮೆಯ ವಿಷಯವಾಯಿತು. ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಾಗ, "ನಮ್ಮ ಸೊಸೆ ನೂರು ಎಣಿಸೋವರೆಗೂ ಹಣೆ ಎತ್ತಲ್ಲ," ಅಂದುಬಿಟ್ಟರು. ಪಕ್ಕದ ಮನೆಯಾಕೆ ಬಿಡುವವರಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬಂದು ಮಾವನ ಪಕ್ಕದಿಂದ ಒಳಗೆ ನುಸುಳಿ ಗೋಡೆಗೆ ಒರಗಿ ಕೂತರು.

"ಏನಮ್ಮಾ, ಸರ್ಕಸ್ಸಿಗೆ ಸೇರ್ತೀಯಂತೆ? ನೋಡೋಣ, ಬಗ್ಗು."

ಬಗ್ಗಿದೆ. ಆಕೆ ಕಾಫಿ ಹೀರುವ ಸದ್ದು ಕೇಳುತ್ತಿತ್ತು. ಒಳಗೆ ಕತ್ತಲೆ ಇತ್ತು, ಆದರೆ ಬೇರೆ ಏನೂ ಬರಲಿಲ್ಲ. ಇಪ್ಪತ್ತೈದಕ್ಕೆ ಎದ್ದುಬಿಟ್ಟೆ.

"ಇಷ್ಟೇನಾ? ನಮ್ಮ ಹಸುವಿನ ಕರುವೂ ಇಷ್ಟು ಬಗ್ಗುತ್ತೆ."

ಅತ್ತೆಯ ಮುಖ ಸಣ್ಣದಾಯಿತು. "ಇವತ್ತು ಹುಷಾರಿಲ್ಲ ಅವಳಿಗೆ. ನಾಳೆ ಬನ್ನಿ," ಅಂದರು. ಅವರು ನಾಳೆ ಬಂದರು, ನಾಡಿದ್ದೂ ಬಂದರು. ಅವರೂ ಕೆಟ್ಟವರಲ್ಲ. ಬೆಳಗಿನ ಕಾಫಿಗೆ ಒಂದು ಜೊತೆ ಬೇಕಿತ್ತು, ಅಷ್ಟೇ. ನಾನು ಮೂವತ್ತು ದಾಟಲಿಲ್ಲ. ಒಂದು ವಾರ ಹೀಗೇ ಆಯಿತು. ಆ ವಾರ ಅನ್ನ ಎರಡು ಸಲ ಸೀದಿತು. ನಮ್ಮ ಮನೆಯವರು ಊಟದ ಡಬ್ಬಿ ಎಲ್ಲಿ ಅಂತ ಕೇಳಿದ್ದಕ್ಕೆ, ಜೀವನದಲ್ಲಿ ಮೊದಲ ಸಲ, ನೀವೇ ಹುಡುಕಿಕೊಳ್ಳಿ ಅಂದೆ. ಮಗುವಿನ ಮುಖ ಮಸುಕಾಗುತ್ತಿದೆ ಅನ್ನಿಸುತ್ತಿತ್ತು. ಹುಬ್ಬು ಹೇಗಿತ್ತು ಅಂತ ಒಂದು ಮಧ್ಯಾಹ್ನ ನೆನಪಿಗೇ ಬರಲಿಲ್ಲ. ಗಾಬರಿಯಾಯಿತು. ಅದನ್ನು ನೆನಪಿಟ್ಟುಕೊಳ್ಳಲು ಈ ಊರಲ್ಲಿ ಇರುವವಳು ನಾನೊಬ್ಬಳೇ. ನನಗೂ ಮರೆತರೆ ಅದು ಹುಟ್ಟೇ ಇಲ್ಲ ಅಂದ ಹಾಗೆ.

ಎಂಟನೆಯ ದಿನ ನಾನು ಜಮಖಾನ ಹಾಸುವ ಹೊತ್ತಿಗೆ ಮಾವ ಎದ್ದು ಬೀದಿ ಬಾಗಿಲು ಹಾಕಿ ಚಿಲಕ ಸೇರಿಸಿದರು.

"ಯಾಕ್ರೀ ಬಾಗಿಲು?" ಅತ್ತೆ ಕೇಳಿದರು.

"ಗಾಳಿ."

ವೈಶಾಖ ಮಾಸ. ಹೊರಗೆ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮಾವ ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಮೂಗು ಹಲಗೆಗೆ ಇನ್ನೊಂದು ಗೇಣು ಅನ್ನುವಷ್ಟು ಹತ್ತಿರ ಕೂತುಕೊಂಡು ಎಣಿಸತೊಡಗಿದರು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. "ಏನ್ರೀ, ಇದೀರಾ?" ಅಂತ ಪಕ್ಕದ ಮನೆಯಾಕೆ. ಮಾವ "ಹದಿನೇಳು, ಹದಿನೆಂಟು," ಅಂತ ಇನ್ನೂ ಗಟ್ಟಿಯಾಗಿ ಎಣಿಸಿದರು. ಚಪ್ಪಲಿ ಸದ್ದು ವಾಪಸ್ಸು ಹೋಯಿತು.

ಐವತ್ತರ ಹತ್ತಿರ ಮಗು ಬಂತು. ಹುಬ್ಬೂ ಬಂತು. ನನ್ನ ಉಸಿರು ತುಂಡುತುಂಡಾಗಿದ್ದು ನನಗೇ ಕೇಳಿಸಿತು. ತಡೆಯಲು ಹೋದೆ, ಆಗಲಿಲ್ಲ. ಮಾವ ಬೆನ್ನು ತಿರುಗಿಸಿ ಕೂತವರು, ಇಷ್ಟು ದಿನವೂ ನನ್ನನ್ನು ಉಸಿರಿನಿಂದಲೇ ತಿಳಿಯುತ್ತಿದ್ದವರು. ಬೆವರು ಅಂತ ಅವರು ಯಾವತ್ತೂ ನಂಬಿರಲಾರರು ಅಂತ ನನಗೆ ಆಗ ಹೊಳೆಯಿತು. ನೂರು ಬಂತು. ಅವರು ನಿಲ್ಲಿಸಲಿಲ್ಲ. ನೂರಾ ಒಂದು, ನೂರಾ ಎರಡು. ಅತ್ತೆ "ನೂರಾಯ್ತು ರೀ," ಅಂದರು. ಅವರು ನಿಲ್ಲಿಸಲಿಲ್ಲ. ಎಣಿಕೆ ಮಾತ್ರ ನಿಧಾನವಾಗುತ್ತಾ ಹೋಯಿತು. ನೂರಾ ಎಂಬತ್ತರ ಮೇಲೆ ಎಲ್ಲೋ ಒಂದು ಅಂಕಿಯನ್ನು ಎರಡು ಸಲ ಹೇಳಿದರು. ಆಮೇಲೆ ಸುಮ್ಮನಾದರು.

ನಾನು ತಲೆ ಎತ್ತಲಿಲ್ಲ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುವ ಸದ್ದೂ ನಿಂತಿತ್ತು.

"ಇವಳೇ," ಅಂದರು ಮಾವ, ಬಾಗಿಲ ಕಡೆಯೇ ನೋಡುತ್ತಾ. "ಮಗು ಯಾರ ಹಾಗಿತ್ತು ಅಂತ ಕೇಳು ಅವಳನ್ನ."

ಅತ್ತೆ ಕೇಳಲಿಲ್ಲ. ನಾನು ಕಾದೆ. ಅವರು ಮೂಗು ಸೇದಿಕೊಂಡ ಸದ್ದು ಮಾತ್ರ ಕೇಳಿತು.

"ಎಡಗಿವಿ ಮೇಲ್ಗಡೆ ಒಳಕ್ಕೆ ಮಡಚಿಕೊಂಡಿತ್ತು, ಮಾವ," ಅಂದೆ. ಹಣೆ ಇನ್ನೂ ಮಂಡಿಯ ಮೇಲೇ ಇತ್ತು. ಅವರಿಗೆ ಅದು ನನ್ನ ಮೊದಲ ಮಾತು.

ಮಾವ ಹೇಳಿದರು, "ನಮ್ಮವ್ವನಿಗೆ ಹಾಗಿತ್ತು. ಓಲೆ ಹಾಕ್ಕೊಳ್ಳೋಕೆ ಕಷ್ಟ ಪಡೋಳು."

"ಹೂಂ ರೀ, ಎಡಗಿವಿನೇ," ಅಂದರು ಅತ್ತೆ. ನನ್ನ ಹತ್ತಿರ ಸರಿದು ಬಂದು ಬೆನ್ನ ಮೇಲೆ ಕೈ ಇಟ್ಟರು. ಅಳಬಾರದು ಅನ್ನಲಿಲ್ಲ. ಅವರೂ ಅಳುತ್ತಿದ್ದರು. "ಕೂದಲು?"

"ತುಂಬಾ. ಹಿಂದುಗಡೆ ಕುತ್ತಿಗೆವರೆಗೂ."

"ಬಣ್ಣ?"

"ನಿಮ್ಮ ಮಗನದೇ."

"ಅಯ್ಯೋ, ಪಾಪ," ಅಂದರು ಅತ್ತೆ. ಅಳುತ್ತಲೇ ಮೂವರೂ ಸ್ವಲ್ಪ ನಕ್ಕೆವು.

ನಾನು ಎದ್ದು ಕೂತೆ. ಕಾಲು ಮಡಚಿಕೊಳ್ಳಬೇಕು ಅಂತ ಹೊಳೆಯಲಿಲ್ಲ. ಮಾವನೂ ಮಣೆಯ ಮೇಲೆ ಈ ಕಡೆ ತಿರುಗಿ ಕೂತಿದ್ದರು. ಅವರ ಮುಖವನ್ನು ಅಷ್ಟು ನೇರವಾಗಿ ನಾನು ನೋಡಿದ್ದು ಅವತ್ತೇ. "ಇನ್ನೇನಿತ್ತು, ಹೇಳಮ್ಮ," ಅಂದರು.

ಹೇಳಿದೆ. ಅಳು ಶುರುವಾಗುವ ಮುಂಚೆ ಬಾಯನ್ನು ಚೌಕ ಮಾಡುತ್ತಿತ್ತು ಅಂತ. ಸೀನಿದರೆ ಎರಡೇ ಸಲ, ಮೂರನೆಯದು ಇಲ್ಲ ಅಂತ. ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಬೆಚ್ಚುತ್ತಿರಲಿಲ್ಲ, ಅಡುಗೆಮನೆಯಲ್ಲಿ ಸೌಟು ಬಿದ್ದರೆ ಬೆಚ್ಚುತ್ತಿತ್ತು ಅಂತ. ಹಾಲು ಕುಡಿಯುತ್ತಾ ಒಂದು ಕಾಲನ್ನು ಇನ್ನೊಂದರ ಮೇಲೆ ಉಜ್ಜುತ್ತಿತ್ತು ಅಂತ. ಅತ್ತೆ ನಡುನಡುವೆ ಕೇಳುತ್ತಿದ್ದರು, ಎಡಗಾಲೋ ಬಲಗಾಲೋ ಅಂತ ಕೂಡ ಕೇಳಿದರು. ಇಪ್ಪತ್ತು ದಿನದ ಮಗುವಿನ ಬಗ್ಗೆ ಅಷ್ಟೆಲ್ಲ ಹೇಳುವುದಕ್ಕಿರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಒಲೆಯ ಮೇಲೆ ಹುಳಿ ತಳ ಹಿಡಿದ ವಾಸನೆ ಬಂತು. ಯಾರೂ ಏಳಲಿಲ್ಲ.