ತಪಾಸಣೆಗಾರನ ಬೆನ್ನು ಹತ್ತಿದ ರೋಗ

ಬನಹಟ್ಟಿಯ ಮಗ್ಗಗಳಲ್ಲಿ ಮೂವತ್ತೊಂದು ವರ್ಷ ಸೀರೆ ತಪಾಸಣೆ ಮಾಡಿದ ಗಿರಮಲ್ಲಪ್ಪನ ಕಣ್ಣು ತಪ್ಪಿಸುವ ಎಳೆ ಇನ್ನೂ ಹುಟ್ಟಿರಲಿಲ್ಲ. ಅವನು ಮೇಜಿನ ಮುಂದೆ ನಿಂತರೆ ನೇಕಾರರು ಉಗುಳು ನುಂಗುತ್ತಿದ್ದರು. ಇಂಥ ಮಹಾವೀರನನ್ನು ಜಮಖಂಡಿ ರಸ್ತೆಯ ಶೈಲಾ ತನ್ನ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿಗೆ ಕರೆತಂದದ್ದು ಪೆಟೂನಿಯಾ ಹೂಗಿಡಗಳ ವೈರಸ್ ರೋಗ ಹಿಡಿಯಲಿಕ್ಕೆ.

ಎಲೆ ಎಲೆಯನ್ನೂ ಹೆಬ್ಬೆರಳಿನಿಂದ ಮಗುಚಿ ನೋಡುವುದು, ಹಸಿರಿನಲ್ಲಿ ಹಳದಿ ತೇಪೆ ಕಂಡರೆ ಕುಂಡಕ್ಕೆ ಕೆಂಪು ದಾರ ಕಟ್ಟುವುದು ಅವನ ಕೆಲಸ. ಶೈಲಾ ಆ ಎಲೆ ಅರೆದು, ರಸದಲ್ಲಿ ಪರೀಕ್ಷೆಯ ಪಟ್ಟಿ ಅದ್ದುತ್ತಾಳೆ. ಒಂದು ಗೆರೆ ಬಂದರೆ ಗಿಡ ಉಳಿಯಿತು. ಎರಡು ಬಂದರೆ ಬೆಂಕಿಗೆ.

"ನಮ್ಮ ಸೊಸಿಗೆ ಎರಡ ಗೆರಿ ಬಂದಾಗ ಪೇಢೆ ಹಂಚಿದ್ವಿ ನೋಡವ್ವಾ."

"ಇಲ್ಲಿ ಕಡ್ಡಿಪೆಟ್ಟಿಗಿ ತಗಿಯೂದ್ರಿ, ಕಾಕಾ."

ಮೊದಲ ವಾರ ನಾಲ್ಕೇ ದಾರ. ಆಮೇಲೆ ರೋಗ ಅವನ ಹಿಂದೆ ನಡೆಯತೊಡಗಿತು. ಸೋಮವಾರ ನೋಡಿದ ಸಾಲು ಮುಂದಿನ ವಾರ ಬುಧವಾರ ತೇಪೆ ತೊಟ್ಟರೆ, ಮಂಗಳವಾರದ್ದು ಗುರುವಾರ. ಸಾಲು ತಪ್ಪದೆ, ಹಾಜರಿ ಕೂಗಿದಂತೆ. ನೆರಳೇ ಬೀಳದ ಆ ಬಿಳಿ ಬೆಳಕಿನಲ್ಲಿ ನೂರಾರು ಎಳೆ ಎಲೆಗಳು ಅವನತ್ತಲೇ ಮುಖ ಮಾಡಿ ನಿಂತಿದ್ದವು.

ಮೂಲೆಯ ಒಂದೇ ಮೇಜು ಹಸಿರಾಗಿತ್ತು. ಅಲ್ಲಿ ಚಾವಣಿಯ ಪೈಪು ತಗ್ಗು. ಬಗ್ಗಿದರೆ ಮೊಣಕಾಲು ಹಿಡಿಯುತ್ತದೆಂದು ಅವನು ಆ ಕಡೆ ಹೋಗಿರಲಿಲ್ಲ.

"ಅದೊಂದು ಉಳದ್ರ ಅದರ ಟೊಂಗಿ ಕತ್ತರಿಸಿ ನೆಟ್ಟ ಮತ್ತ ಸಸಿ ಎಬ್ಬಸ್ತೇನ್ರಿ. ಅದೂ ಹೋತಂದ್ರ ಬಾಗಲಕ್ಕ ಬೀಗಾ ಹಾಕೂದ," ಎಂದಳು ಶೈಲಾ. "ಇವತ್ತ ಅದನ್ನ ನೋಡ್ರಿ."

ರಣರಂಗಕ್ಕೆ ಹೊರಡುವ ಮುನ್ನ ಗಿರಮಲ್ಲಪ್ಪ ರೂಢಿಯಂತೆ ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕಿದ. ತಿಕ್ಕುತ್ತಿದ್ದ ಹೆಬ್ಬೆರಳು ನಡುವೆಯೇ ನಿಂತಿತು. ಎಲೆಗಳನ್ನು ಮಗುಚುತ್ತಿದ್ದುದೂ ಅದೇ ಬೆರಳು. ಕೈಯಲ್ಲಿದ್ದುದನ್ನು ಚೆಲ್ಲಿ, ಚೀಲದಿಂದ ಸುಣ್ಣ ಸೋಕದ ಬೇರೆ ಚಿಟಿಕೆ ತಂಬಾಕು ತೆಗೆದು, ನೀರು ಹಾಕಿ ಅರೆದು ಪಟ್ಟಿ ಅದ್ದಿದ. ಒಂದು ಗೆರೆ ಬಂತು. ಎರಡನೆಯದು ನಿಧಾನವಾಗಿ, ಒಳಗಿನಿಂದ ಯಾರೋ ಬರೆಯುತ್ತಿರುವಂತೆ, ಮೂಡಿತು.

"ಯಾವ ಗಿಡದ್ದರಿ ಇದು?"

"ನಂದವ್ವಾ. ತಂಬಾಕದಾಗಿನ ರೋಗ ನಾನ ಎಲ್ಲಾ ಗಿಡಕ್ಕೂ ಹಚ್ಚೇನಿ."

ಹಾಲು ಈ ವೈರಸ್ಸನ್ನು ಕಟ್ಟಿಹಾಕುತ್ತದೆಂದು ಶೈಲಾ ನೀರಲ್ಲಿ ಹಾಲಿನ ಪುಡಿ ಕದಡಿ ಬೋಗುಣಿ ಮುಂದಿಟ್ಟಳು. ದೇವರಿಗಾಗುವ ಕ್ಷೀರಾಭಿಷೇಕ ಗಿರಮಲ್ಲಪ್ಪನ ಹತ್ತೂ ಬೆರಳಿಗಾಯಿತು.

"ಹೋಗ್ರಿ ಈಗ. ಆದ್ರ ಕೈ ಇಲ್ಲೇ ಬಿಟ್ಟ ಹೋಗ್ರಿ."

ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಳ್ಳನಂತೆ ಬಗ್ಗಿ, ಮೂಲೆಯ ಮೇಜಿನ ಮುನ್ನೂರು ಕುಂಡಗಳನ್ನು ಬರೀ ಕಣ್ಣಿನಿಂದ ನೋಡಿದ. ಒಂದು ತೇಪೆಯೂ ಇರಲಿಲ್ಲ. ಫ್ಯಾನು ಭರ್ರನೆ ತಿರುಗುತ್ತಿತ್ತು. ಆದರೂ ಅವನು ಹಿಂದೆ ಸರಿದು ಬಾಗಿಲು ದಾಟುವವರೆಗೆ, ತಪಾಸಣೆಗೆ ನಿಂತ ನೇಕಾರರಂತೆ, ಒಂದೆಲೆಯೂ ಅಲುಗಲಿಲ್ಲ.