ಹಿಂದಕ್ಕೆ ಸದ್ದು ಬಿಡದ ಸ್ಪೀಕರ್

"ಸೌಂಡು ಕಮ್ಮಿ ಮಾಡ್ಬುಟ್ಟು ನನ್ನ ಏಮಾರಿಸ್ತಿದ್ದೀಯ ಕಣಪ್ಪ!"

ಇವತ್ತು ಮಧ್ಯಾಹ್ನ ನಮ್ಮ ಮನೆ ಓನರ್ ಸರೋಜಕ್ಕ ಬಾಗಿಲಲ್ಲಿ ನಿಂತು ಹೀಗಂದರು.

ಗೆಳೆಯರೇ, ನಾನು ಹೊಸೂರಿನ ಬಾಡಿಗೆ ಮನೆಯಲ್ಲಿ ಕೂತು ಹಾಡುಗಳ ಮಿಕ್ಸಿಂಗ್ ಮಾಡುವವನು. ನನ್ನ ಸ್ಪೀಕರ್‌ಗಳ ಹಿಂದಿನ ಗೋಡೆಯಾಚೆಗೇ ಸರೋಜಕ್ಕನ ಅಡುಗೆಮನೆ. ಇಲ್ಲಿ ಹಾಡಿನ ಡೋಲು ಬಡಿದರೆ ಅಲ್ಲಿ ತಟ್ಟೆಗಳು ನಡುಗುತ್ತವೆ ಎಂದು "ಮನೆ ಖಾಲಿ ಮಾಡು" ಅಂದಿದ್ದರು. ಅದಕ್ಕೇ ಹಿಂದಕ್ಕೆ ಸದ್ದು ಬಿಡದ, ಕಾರ್ಡಿಯಾಯ್ಡ್ ಎನ್ನುವ ಸ್ಪೀಕರ್ ತಂದು ಇವತ್ತು ಜೋಡಿಸಿ, ಅಡುಗೆಮನೆಯಲ್ಲಿ ನಿಂತು ಕೇಳಿ ಎಂದಿದ್ದೆ.

ಅಲ್ಲಿ ಸದ್ದು ಅಷ್ಟಾಗಿ ಕೇಳಿಸದೆ ಅನುಮಾನದಿಂದ ಒಳಗೆ ಬಂದವರು ಬೆಚ್ಚಿದರು. ಡೋಲು ಎದೆಗೇ ಬಡಿಯುವಷ್ಟು ಜೋರಾಗಿತ್ತು. ಸ್ಪೀಕರ್ ಹಿಂದೆ ಬಗ್ಗಿ ಕಿವಿಯಿಟ್ಟರು, ಮುಂದೆ ಬಂದರು, ಮತ್ತೆ ಹಿಂದೆ ಹೋದರು.

"ಹಿಂದಕ್ಕೆ ಬರೋ ಸದ್ದು ಎಲ್ಲೋಯ್ತಪ್ಪ?"

"ಈ ಡಬ್ಬದ ಹಿಂದ್ಗಡೆ ಬೇರೆ ಸ್ಪೀಕರ್ ಅವೆ ಅಕ್ಕ. ಅವು ಉಲ್ಟಾ ಸದ್ದು ಬಿಟ್ಟು ಅದನ್ನ ಅಳಿಸ್ತವೆ."

"ಹಂಗಾದ್ರೆ ಮುಂದ್ಗಡೇದು ಯಾಕೆ ಅಳಿಸೋಗಾಕಿಲ್ಲ?"

ಒಳ್ಳೆಯ ಪ್ರಶ್ನೆ. ಮುಂದಿನ ಸದ್ದು ಹಿಂದಕ್ಕೆ ಸುತ್ತಿ ಬರುವ ಹೊತ್ತಿಗೆ ಸರಿಯಾಗಿ ಉಲ್ಟಾ ಸದ್ದು ಹೊರಡುತ್ತದೆ, ಹಾಗಾಗಿ ಹಿಂದೆ ಮಾತ್ರ ಎರಡೂ ಎದುರಾಗುತ್ತವೆ ಎಂದೆ. ತೀರಾ ದಪ್ಪನೆಯ ಸದ್ದು ಮಾತ್ರ ಇನ್ನೂ ಸ್ವಲ್ಪ ಗೋಡೆ ದಾಟುತ್ತದೆ ಎಂದೂ ಒಪ್ಪಿಕೊಂಡೆ.

"ಅಷ್ಟಕ್ಕೆ ತಟ್ಟೆ ಅಲ್ಲಾಡಾಕಿಲ್ಲ ಬಿಡು. ಖಾಲಿ ಮಾಡೋದೇನೂ ಬ್ಯಾಡ" ಎಂದು ನನ್ನ ಕುರ್ಚಿಯಲ್ಲೇ ಕೂತರು. "ಇನ್ನೊಂದು ಹಾಡು ಹಾಕು."

ಮನೆ ಉಳಿಯಿತು. ಸಂಜೆಯಾದರೂ ಕುರ್ಚಿ ಮಾತ್ರ ಸಿಕ್ಕಿಲ್ಲ. ಈ ಪೋಸ್ಟನ್ನು ನಿಂತೇ ಬರೆಯುತ್ತಿದ್ದೇನೆ.