ಬಣ್ಣದವಳ ಹಣೆ

ಹಳೇ ಚೌಕದಲ್ಲಿರುವ ಬಟ್ಟೆ ವರ್ತಕರ ಸಂಘದ ಕಟ್ಟಡಕ್ಕೆ ನಾನೂರು ವರ್ಷ. ವ್ಯಾಪಾರ ಕುದುರಿದ್ದ ಕಾಲದಲ್ಲಿ ವರ್ತಕರು ತಮ್ಮ ದೊಡ್ಡಸ್ತಿಕೆ ಬೀದಿಗೆಲ್ಲ ಕಾಣಲಿ ಎಂದೇ ಅದನ್ನು ಕಟ್ಟಿಸಿದರು. ಕೆಳಗಿನ ಅಂತಸ್ತು ಬರೀ ಕಲ್ಲು. ಮೇಲೇರಿದಂತೆ ಅಲಂಕಾರ ಹೆಚ್ಚುತ್ತದೆ. ಮೂರನೆಯ ಅಂತಸ್ತಿನ ಪ್ರತಿ ಕಿಟಕಿಯ ಕಮಾನಿನ ಮೇಲೂ ಗಾರೆಯಲ್ಲಿ ಮಾಡಿದ ಒಂದು ಮುಖವಿದೆ: ನೇಯುವವನು, ಮೂಟೆ ಹೊರುವವನು, ನೂಲುವವಳು. ಒಂದರಂತೆ ಇನ್ನೊಂದಿಲ್ಲ.

ಅವುಗಳಲ್ಲಿ ಆರು ಮುಖಗಳು ನೀರಿಳಿದು ಉದುರಿಹೋಗಿದ್ದವು. ದುರಸ್ತಿ ಮಾಡಿಸುತ್ತಿದ್ದ ಇಂಜಿನಿಯರ್ ಮೇಡಂ, ಉಳಿದವುಗಳಲ್ಲಿ ಒಂದರ ಅಚ್ಚು ತೆಗೆದು ಆರೂ ಕಡೆ ಅದನ್ನೇ ಕೂರಿಸುವ ಯೋಚನೆಯಲ್ಲಿದ್ದರು. ಅಲ್ಲೇ ಗಾರೆ ಕೆಲಸಕ್ಕಿದ್ದ ಗಾರೆಯಕ್ಕ ಅಡ್ಡ ಬಂದಳು; ಆರನ್ನೂ ಬೇರೆ ಬೇರೆಯಾಗಿ ತಾನೇ ಮಾಡುತ್ತೇನೆ ಎಂದಳು. ಮುಖ ಮಾಡುವುದನ್ನು ಅಪ್ಪನಿಂದ ಕಲಿತವಳು. ಆದರೆ ಅಪ್ಪ ಹೋದ ಮೇಲೆ ಅವಳಿಗೆ ಸಿಕ್ಕಿದ್ದೆಲ್ಲ ಬರೀ ಗೋಡೆ ಬಳಿಯುವ ಕೆಲಸ. ಈ ಅವಕಾಶ ತಪ್ಪಿದರೆ ಮತ್ತೆ ಗೋಡೆಯೇ ಗತಿ.

“ಮೊದ್ಲು ಬಟ್ಟೆನ ಬಣ್ಣಕ್ಕೆ ಅದ್ದುವವಳ ಮುಖ ಮಾಡಿ ತೋರ್ಸಿ. ಸರಿ ಬಂದ್ರೆ ಉಳಿದಿದ್ದೂ ನಿಮಗೇ,” ಎಂದರು ಮೇಡಂ.

ಗಾರೆಯಕ್ಕ ತನ್ನ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಮೇಜಿನ ಮೇಲೆ ಮುಖ ಮಾಡಿದಳು. ಮನೆಯವರೆಲ್ಲ ಅತ್ತೆಯದೇ ಪಡಿಯಚ್ಚು ಎಂದರು. ಅದನ್ನು ಕಮಾನಿನ ಮೇಲೆ ಕೂರಿಸಿದಾಗ ಅತ್ತೆ ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದರು.

“ಇದು ನಾನೇನೇ? ಬರೀ ಗದ್ದ. ಹಣೆಬರಹ ಬರೆಯೋಕೂ ಜಾಗ ಬಿಟ್ಟಿಲ್ವಲ್ಲೇ.”

ಗಾರೆಯಕ್ಕ ಕೆಳಗಿಳಿದು ನೋಡಿದಳು. ಅತ್ತೆಯ ಮಾತು ನಿಜವಾಗಿತ್ತು. ಗೋಡೆಗೆ ಕಟ್ಟಿದ್ದ ಅಟ್ಟಣಿಗೆಯನ್ನು ಮತ್ತೆ ಹತ್ತಿ, ಪಕ್ಕದ ನೂಲುವವಳ ಹಣೆಗೆ ಗೇಣಿಟ್ಟಳು. ಅರ್ಧ ಮುಖ ಹಣೆಯೇ ಆಗಿತ್ತು. ತಲೆಯೂ ಬೀದಿಯ ಕಡೆಗೆ ಬಾಗಿತ್ತು. ಹಿಂದಿನವರ ಕೈ ಒರಟು ಎಂದು ಮೊದಲ ದಿನ ಅವಳೇ ನಕ್ಕಿದ್ದಳು. ಎತ್ತರದಲ್ಲಿರುವ ಮುಖವನ್ನು ಕೆಳಗಿನಿಂದ ನೋಡಿದರೆ ಗದ್ದ ಮುಂದೆ ಬರುತ್ತದೆ, ಹಣೆ ಹಿಂದೆ ಸರಿದು ಕುಗ್ಗುತ್ತದೆ. ಆ ಕುಗ್ಗುವಷ್ಟನ್ನು ಅವರು ಮೊದಲೇ ಸೇರಿಸಿಟ್ಟಿದ್ದರು.

ಅವಳು ಆ ಮುಖವನ್ನು ತೆಗೆದುಹಾಕಿ, ಈ ಸಲ ಅಟ್ಟಣಿಗೆಯ ಮೇಲೆಯೇ ಕೆಲಸ ಶುರುಮಾಡಿದಳು. ಒಂದು ಪದರ ಬಿಗಿದ ಮೇಲೆ ಇನ್ನೊಂದು. ಎದುರಿನ ಜಗಲಿಯಲ್ಲಿ ಕೂತ ಅತ್ತೆ ಕೊಡೆ ಎತ್ತಿದರೆ “ಇನ್ನೂ ಹಾಕು” ಎಂದರ್ಥ, ಇಳಿಸಿದರೆ “ಸಾಕು”. ಹತ್ತಿರದಿಂದ ನೋಡಿದವರಿಗೆ ಆ ಮುಖ ಕುಂಬಳಕಾಯಿಯಂತೆ ಕಾಣುತ್ತಿತ್ತು.

ಮೇಡಂ ಬಂದು ಬೀದಿಯಲ್ಲಿ ಬಹಳ ಹೊತ್ತು ನಿಂತು ನೋಡಿದರು.

“ಹಣೆ ಸರಿಯಾಗಿದೆ. ಮೂಗು ಸ್ವಲ್ಪ ದಪ್ಪ ಆಯ್ತೇನೋ.”

“ಅದು ನಮ್ಮ ವಂಶದ ಮೂಗು ಕಣಮ್ಮ. ಅದಕ್ಕೆ ಕೈ ಹಚ್ಚಬೇಡಿ,” ಎಂದರು ಅತ್ತೆ.

“ಹಾಗಾದ್ರೆ ಇರ್ಲಿ ಬಿಡಿ.” ಮೇಡಂ ಗಾರೆಯಕ್ಕನ ಕಡೆ ತಿರುಗಿದರು. “ಇನ್ನೈದಕ್ಕೆ ಯಾರನ್ನ ಕೂರಿಸ್ಕೋತೀರಿ?”

ಗಾರೆಯಕ್ಕ ಮೇಡಂ ಅವರ ಗದ್ದವನ್ನೇ ನೋಡುತ್ತ ನಿಂತಳು.

“ನಾನಂತೂ ಕೂರಲ್ಲ,” ಎಂದರು ಮೇಡಂ, ಕೂದಲು ಸರಿಮಾಡಿಕೊಳ್ಳುತ್ತ.